ಗಂಗಾಧರಪ್ಪನವರ ಕಾಣೆಯಾದ ಹರ್ನಿಯಾ

ರಾತ್ರಿ ಬಾಗಿಲು ಬಡಿದ ಸದ್ದಿಗೆ ಹಾಲೇಶ್ ಎದ್ದು ಚಿಲಕ ತೆಗೆದ. ಪಕ್ಕದ ಮನೆಯ, ಗ್ಯಾರೇಜಿನ ಫಜಲುಲ್ಲಾ ನಿಂತಿದ್ದರು. ಟಾರ್ಚಿನ ಬೆಳಕನ್ನು ಅವನ ಮುಖಕ್ಕೆ ಬಿಟ್ಟು, ಕೆನ್ನೆ ಚಿವುಟಿ ನೋಡಿ, "ಇದ್ದೀಯಲ್ಲ ಮಾರಾಯ! ಮಲ್ಕೊ," ಎಂದು ಹೊರಟೇಹೋದರು.

ಹಾಲೇಶನ ನಿದ್ದೆ ಹಾರಿತು. ಮೊದಲೇ ಅವನಿಗೆ ಮರುದಿನದ ಚಿಂತೆ. ಕೊಟ್ಟಿಗೆಹಾರದ ತನ್ನ ಅಂಗಡಿಯಲ್ಲಿ ಗೊಬ್ಬರದ ಮೂಟೆ ಎತ್ತಿ ಎತ್ತಿ ಹರ್ನಿಯಾ ಬಂದಿತ್ತು. ಚಿಕ್ಕಮಗಳೂರಿನ ಸರ್ಜನ್ ಆಪರೇಷನ್ನಿಗೆ ಒಪ್ಪಿದ್ದರು. ಆದರೆ ಇದೇ ಆಪರೇಷನ್ನಿನಲ್ಲಿ ಅವನ ತಂದೆ ಗಂಗಾಧರಪ್ಪನವರಿಗೆ ಯಾವುದೋ ಮತ್ತಿನ ಮದ್ದು ಒಗ್ಗದೆ ಜೀವ ಹೋಗಿ ಬಂದಿತ್ತೆಂದು ಕೇಳಿದೊಡನೆ ಕೈಗವಸು ಕಳಚಿಬಿಟ್ಟಿದ್ದರು.

"ಯಾವ ಮದ್ದು ಅಂತ ದಾಖಲೆ ತನ್ನಿ. ಅಲ್ಲಿವರೆಗೂ ನಿಮ್ಮನ್ನ ಮುಟ್ಟಲ್ಲ."

ಗಂಗಾಧರಪ್ಪನವರು ಆ ಆಪರೇಷನ್ನಿನಿಂದ ಚೇತರಿಸಿಕೊಂಡು, ಆಮೇಲೆ ಮನೆಯಲ್ಲೇ, ವಯಸ್ಸಾಗಿ, ನೆಮ್ಮದಿಯಿಂದ ತೀರಿಕೊಂಡಿದ್ದರು. ಅವರನ್ನು ಕೇಳುವಂತಿರಲಿಲ್ಲ.

ಬೆಳಿಗ್ಗೆ ಫಜಲುಲ್ಲಾರ ಜೀಪಿನಲ್ಲಿ ಹೆಂಡತಿ ಶಿಲ್ಪಾಳೊಂದಿಗೆ ಹಾಲೇಶ್, ಅಪ್ಪನ ಆಪರೇಷನ್ ಆಗಿದ್ದ ಮೂಡಿಗೆರೆಯ ಆಸ್ಪತ್ರೆ ಮುಟ್ಟಿದ. ಅಪ್ಪನ ಫೈಲಿಗಾಗಿ ಅರ್ಜಿ ಮೊದಲೇ ಕೊಟ್ಟಿದ್ದ. ದಾಖಲೆ ವಿಭಾಗದ ಪವಿತ್ರಾ ಕಂಪ್ಯೂಟರು ನೋಡಿ ತಲೆಯಾಡಿಸಿದಳು.

"ಗಂಗಾಧರಪ್ಪ ಅನ್ನೋರು ನಮ್ಮಲ್ಲಿ ಅಡ್ಮಿಟ್ಟೇ ಆಗಿಲ್ಲ. ನೀವು ಕೊಟ್ಟ ಮೊಬೈಲ್ ನಂಬರಲ್ಲಿ ಹರ್ನಿಯಾ ಆಪರೇಷನ್ ಆಗಿರೋದು ಹಾಲೇಶ್ ಅನ್ನೋರಿಗೆ. ಪಾಪ, ತೀರಿಕೊಂಡಿದ್ದಾರೆ."

"ಯಾರು ಹೇಳಿದ್ದು?"

"ನೀವೇ ಅರ್ಜೀಲಿ ಬರ್ದಿದ್ದೀರಲ್ಲ, ರೋಗಿ ಮೃತ ಅಂತ. ಅವತ್ತು ಅವರ ಜೊತೆ ಬಂದಿದ್ದ ಫಜಲುಲ್ಲಾ ಅವ್ರಿಗೂ ನಿನ್ನೆ ಫೋನ್ ಮಾಡಿ, ಹಾಲೇಶ್ ತೀರಿಕೊಂಡಿದ್ದು ಹೌದಾ ಅಂತ ಕೇಳಿದ್ದೆ."

"ಅದಕ್ಕೇ ಬಂದು ಕೆನ್ನೆ ಚಿವುಟಿದ್ದು," ಎಂದರು ಫಜಲುಲ್ಲಾ. "ಬದುಕಿರೋನಿಗೆ ಅಂಥ ಸುದ್ದಿ ಹೆಂಗಪ್ಪಾ ಹೇಳೋದು?"

"ನಾನೇ ಹಾಲೇಶ್ ಕಣಮ್ಮಾ!"

"ಹಾಗಾದ್ರೆ ಕೊಡೋಕೆ ಬರಲ್ಲ ಸರ್. ಮೃತರ ಫೈಲು ವಾರಸುದಾರರ ಕೈಗೆ ಮಾತ್ರ."

ಸಿಪ್ಪೆ ಸುಲಿಯುವ ಪಲ್ಪರಿಗೆ ಬಿದ್ದ ಕಾಫಿ ಹಣ್ಣಿನಂತಾದ ಹಾಲೇಶ್ ಹೆಂಡತಿಯನ್ನು ಮುಂದೆ ತಳ್ಳಿದ. ಶಿಲ್ಪಾ ಸಹಿ ಹಾಕಿದಳು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಅವಳ ತಲೆ ಸವರಿ, ಹಾಲೇಶನ ಕಡೆ ತಿರುಗಿ, "ಅಣ್ಣನಾ? ಇನ್ನು ನೀವೇ ಧೈರ್ಯ ಹೇಳ್ಬೇಕು," ಎಂದರು.

ಫೈಲು ಸಿಕ್ಕಿತು. ಮದ್ದಿನ ಹೆಸರೂ ಇತ್ತು! ಶಿಲ್ಪಾ ಫೋಟೋ ತೆಗೆದು ಸರ್ಜನ್‌ಗೆ ಕಳಿಸಿದಳು. ಕೂಡಲೇ ಅವರ ಫೋನ್ ಬಂತು.

"ಹಾಲೇಶ್ ಅವ್ರೇ, ಇದರ ಪ್ರಕಾರ ನಿಮ್ಮ ಹರ್ನಿಯಾ ಆಪರೇಷನ್ ಆಗಿಹೋಗಿದೆ. ಮದ್ದು ಒಗ್ಗದೇ ಇರೋದು ನಿಮಗೇ. ಈಗಂತೂ ನೀವು ಬದುಕೂ ಇಲ್ಲ. ಸರಿಮಾಡಿಸಿ ತನ್ನಿ, ಆಮೇಲೆ ನೋಡೋಣ."

"ತಿದ್ದಬಹುದು ಸರ್," ಎಂದಳು ಪವಿತ್ರಾ. "ಅವತ್ತು ಕೌಂಟರಲ್ಲಿ ಹೆಸರು ಹೇಳಿದೋರು ಬಂದು, ತಪ್ಪಾಯ್ತು ಅಂತ ಸಹಿ ಹಾಕ್ಬೇಕು. ನಮ್ಮ ಕಂಪ್ಯೂಟರಲ್ಲಿ ಅವರು ಬದುಕಿರ್ಬೇಕು, ಅಷ್ಟೆ."

ಹಾಲೇಶ್ ಕೆರಳಿದ. "ಅಪ್ಪನ ಚೀಟಿಗೆ ನನ್ನ ಹೆಸರು ಬರೆಸಿದ ಆ ಮುಠ್ಠಾಳ ಯಾರು? ಈಗ್ಲೇ ಎಳ್ಕೊಂಡು ಬರ್ತೀನಿ!"

"ಮಾವ ನೋವು ತಡೀಲಾರದೆ ಜೀಪಲ್ಲೇ ಮಲಗಿದ್ರು," ಎಂದಳು ಶಿಲ್ಪಾ. "ನಾನು ಅವರ ತಲೆ ಹಿಡ್ಕೊಂಡಿದ್ದೆ."

"ನಾನು ಸ್ಟೇರಿಂಗ್ ಬಿಟ್ಟು ಇಳಿದೇ ಇಲ್ಲ," ಎಂದರು ಫಜಲುಲ್ಲಾ. "ಚೀಟಿ ಮಾಡ್ಸೋಕೆ ಓಡಿದ್ದು ಒಬ್ಬನೇ ಮಾರಾಯ."

"ಯಾರವನು?"

"ಹಾಲೇಶ್."