ನಲ್ಲಿ ರಿಪೇರಿಯವನ ಪ್ರವೇಶ

"ಈ ಭಾನುವಾರ ಪರದೆ ಸರಿದ ತಕ್ಷಣ ಜನ ನಕ್ಕು ನಕ್ಕು ಕುರ್ಚಿಯಿಂದ ಬೀಳಬೇಕು! ಬೀಳದಿದ್ದರೆ ನನ್ನ ಹೆಸರು ಬದಲಾಯಿಸಿಬಿಡಿ!" ಊಟದ ಮೇಜಿನ ಮುಂದೆ ನಿಂತು ಮೇಷ್ಟ್ರು ಘೋಷಿಸಿದರು.

"ಹೋದ ಸಲ ಕುರ್ಚಿಯಿಂದ ಎದ್ದೇ ಹೋದರಲ್ಲ, ಈ ಸಲ ಬೀಳೋದಕ್ಕಾದರೂ ಕೂತಿರಲಿ," ಎಂದಳು ಹೆಂಡತಿ. ಅವಳು ಅತ್ತೆಯ ಬಾಯಿಗೆ ತುತ್ತಿಡಲು ಹೆಣಗುತ್ತಿದ್ದಳು. ಅತ್ತೆ ಬಾಯಿ ಬಿಡುತ್ತಿರಲಿಲ್ಲ.

ಮೇಷ್ಟ್ರದು ಆಶುನಾಟಕದ ತಂಡ. ಬರೆದಿಟ್ಟ ಮಾತಿಲ್ಲ; ವೇದಿಕೆ ಹತ್ತಿದ ಮೇಲೆ ಬಾಯಿಗೆ ಬಂದದ್ದೇ ನಾಟಕ. ಕಾನೂನು ಒಂದೇ: ಎದುರಿನವರು ಏನೇ ಹೇಳಲಿ, 'ಅಲ್ಲ' ಅನ್ನಕೂಡದು. 'ನೀನು ಕುದುರೆ' ಅಂದರೆ ಕೆನೆಯಬೇಕು, ಅಷ್ಟೆ! ಇದನ್ನು ಮೇಷ್ಟ್ರು ಎಷ್ಟು ಅರೆದು ಕುಡಿಸಿದ್ದರೆಂದರೆ, ಶಿಷ್ಯನೊಬ್ಬ ಮದುವೆಗೂ ಹಾಗೇ ಒಪ್ಪಿಬಿಟ್ಟಿದ್ದ.

ಎಡವುತ್ತಿದ್ದದ್ದು ಆರಂಭದ ದೃಶ್ಯದಲ್ಲಿ. ಅದಕ್ಕೇ ಈ ಸಲ ಮೊಬೈಲಿನ ಎಐಯ ಮೊರೆಹೊಕ್ಕರು. ಅದು ಮೊದಲು ಕೊಟ್ಟದ್ದು, ದಂತವೈದ್ಯರ ಕುರ್ಚಿಯಲ್ಲೊಂದು ಮೊಸಳೆ. "ಸಪ್ಪೆ!" ಎಂದು ಮೇಷ್ಟ್ರು ಮತ್ತೆ ಟೈಪಿಸಿದರು: 'ನಮ್ಮಮ್ಮನಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ನನ್ನನ್ನು ನಲ್ಲಿ ರಿಪೇರಿಯವನು ಅಂದುಕೊಂಡಳು. ಇದರಲ್ಲೊಂದು ಒಳ್ಳೇ ನಗೆ ತೆಗೆದುಕೊಡು.'

ಹೌದು, ಹಾಗೆಯೇ ಟೈಪಿಸಿದರು. ಹೆತ್ತವಳ ಮರೆವನ್ನು ಚಪ್ಪಾಳೆಗೆ ಮಾರುವಾಗ ಒಂದಕ್ಷರವೂ ತಪ್ಪಲಿಲ್ಲ.

ಉತ್ತರ ಬಂತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು: "ತಾಯಿ ಮಗನನ್ನು ರಿಪೇರಿಯವನೆಂದು ಕರೆಯುತ್ತಾಳೆ. ಮಗ 'ಹೌದು' ಎಂದು ಒಳಗೆ ಬರುತ್ತಾನೆ. 'ಅಲ್ಲ' ಎಂದರೆ ದೃಶ್ಯ ಅಲ್ಲೇ ಸಾಯುತ್ತದೆ... ಭೇಷ್! ಇದಪ್ಪಾ ದೃಶ್ಯ ಅಂದ್ರೆ!"

ಹೆಂಡತಿ ತುತ್ತನ್ನು ತಟ್ಟೆಗಿಟ್ಟಳು. "ಬೆಳಿಗ್ಗೆ ಅತ್ತೆ ಹಾಗಂದಾಗ ನೀವೇನಂದ್ರಿ?"

"ಇನ್ನೇನಂತೀನಿ? ಅಲ್ಲಮ್ಮ, ನಾನು ನಿನ್ನ ಮಗ ಅಂದೆ. ನಿಜ ಹೇಳಬಾರದಾ?"

"ಹೇಳಿದ್ರಿ, ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ರಿ. ಅವರು ಮೂಲೇಲಿ ಕೂತು ಅತ್ತರು. ಆಗಿನಿಂದ ಒಂದು ತುತ್ತೂ ಇಳಿದಿಲ್ಲ. ದಿನಾ ಇದೇ ಗೋಳು. ಅಲ್ರೀ, ಕುದುರೆ ಅಂದ್ರೆ ಕೆನೀತೀರಿ, ರಿಪೇರಿಯವನು ಅಂದ್ರೆ ಮಾತ್ರ ಮರ್ಯಾದೆ ಹೋಗುತ್ತಾ?"

ಅಷ್ಟರಲ್ಲಿ ತಾಯಿ ಮೆಲ್ಲಗೆ ತಲೆಯೆತ್ತಿ, ಹೆದರಿ ಹೆದರಿ ಕೇಳಿದಳು: "ನಲ್ಲಿಯವರು... ಬಂದ್ರಾ?"

'ಅ...' ನಾಲಗೆಯ ತುದಿಗೇ ಬಂದಿತ್ತು. ಮೇಷ್ಟ್ರು ನುಂಗಿಕೊಂಡರು. "ಹೌದಮ್ಮ, ಬಂದೆ. ಯಾವ ನಲ್ಲಿ?"

ತಾಯಿಯ ಮುಖ ಅರಳಿತು. ಹೋಗಿ ಅಡುಗೆಮನೆಯ ನಲ್ಲಿ ತೋರಿಸಿದಳು.

ಪ್ರವೇಶವೇನೋ ಆಯಿತು, ಇನ್ನು ಪಾತ್ರ ಮಾಡಬೇಕಲ್ಲ! ಜನ್ಮದಲ್ಲಿ ಸ್ಪ್ಯಾನರ್ ಹಿಡಿಯದ ಕಲಾವಿದರು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕೊನೆಗೆ ಒಮ್ಮೆ ಬಲವಾಗಿ ಜಗ್ಗಿದರು. ಫಟ್! ನಲ್ಲಿ ಕೈಗೇ ಬಂತು! ನೀರು ಸೂರಿಗೆ ಹಾರಿತು. ಮೇಷ್ಟ್ರು ಅಂಗೈ ಅಡ್ಡ ಹಿಡಿದರು. ನೀರು ಮೂಗಿಗೆ ಹೊಡೆಯಿತು. ಬಾಣಲೆ ಮುಚ್ಚಿದರು, ಬಾಣಲೆ ಹಾರಿ ಡಬ್ಬಿಗಳೆಲ್ಲ ಉರುಳಿದವು. ಹೆಂಡತಿ ಓಡಿಹೋಗಿ ತೊಟ್ಟಿಯ ವಾಲ್ವ್ ಮುಚ್ಚುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು!

ತಾಯಿ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಆ ನಗು ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ನಗುತ್ತಲೇ ಸೊಸೆ ಇಟ್ಟ ತುತ್ತು ತಿಂದಳು, ಇನ್ನೊಂದಕ್ಕೂ ಬಾಯಿ ತೆರೆದಳು.

"ನನ್ನ ಮಗನೂ ಹೀಗೇ ಕಣಪ್ಪ. ಕೈ ಹಾಕಿದ್ದೆಲ್ಲ ಕೆಡಿಸ್ತಾನೆ. ಆದ್ರೆ ತುಂಬ ನಗಿಸ್ತಾನೆ."

"ಎಲ್ಲಿದ್ದಾನಮ್ಮ ನಿಮ್ಮ ಮಗ?"

"ಗೊತ್ತಿಲ್ಲ. ದಿನಾ ಯಾರೋ ಒಬ್ಬ ಬಂದು 'ನಾನೇ ನಿನ್ನ ಮಗ' ಅಂತ ಕಿರುಚ್ತಾನೆ." ದನಿ ತಗ್ಗಿಸಿದಳು. "ನನ್ನ ಮಗ ನನ್ನ ಮೇಲೆ ಕಿರುಚೋನಲ್ಲ."

ಮೇಷ್ಟ್ರು ಒದ್ದೆ ನೆಲದ ಮೇಲೆ ಕುಳಿತು ಒರೆಸತೊಡಗಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

ಹೆಂಡತಿ ಬಗ್ಗಿ ಪಿಸುಗುಟ್ಟಿದಳು: "ಭಾನುವಾರ ಇದನ್ನೇ ಆಡ್ತೀರಾ?"

"ಬೇಡ. ಮೊಸಳೆ ಸಾಕು."

ತಟ್ಟೆ ಖಾಲಿಯಾಗಿತ್ತು. ತಾಯಿ ಬಾಗಿಲವರೆಗೂ ಬಂದು ರಿಪೇರಿಯವನನ್ನು ಬೀಳ್ಕೊಟ್ಟಳು.

"ನಾಳೇನೂ ಬಾಪ್ಪಾ. ನಲ್ಲಿ ಕೆಟ್ಟಿಲ್ಲದಿದ್ರೂ ಬಾ."