ಬೆಳೆಯೋ ಹುಡುಗಿಗೊಂದು ಬಂದೂಕು

ಬಂದೂಕಿನ ಅಂಗಡಿಯಲ್ಲಿ ಅಪಾಯ ಇರೋದು ಬಂದೂಕಿನಿಂದ ಅಂತ ಜನ ತಿಳಿದುಕೊಂಡಿದ್ದಾರೆ. ಕೌಂಟರಿನ ಹಿಂದೆ ನಾಲ್ಕು ಬೇಟೆ ಸೀಸನ್ ನಿಂತವನು ನಾನು, ಬಂದೂಕುಗಳು ಒಂದು ದಿನವೂ ತಂಟೆ ಮಾಡಿದ್ದಿಲ್ಲ. ತಂಟೆಯೆಲ್ಲ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿತ್ತು, ಅದೂ ವಾರಕ್ಕೊಂದರಂತೆ, ತಪ್ಪದೆ.

ನಾನು ಗದಗಿನ ಕಡೆಯವನು. ಎಂಟನೇ ಇಯತ್ತೆಯಲ್ಲಿ ಗಣಿತದ ಮಾಸ್ತರರಿಗೂ ನನಗೂ ಸರಿಬರದೆ ಇಬ್ಬರಲ್ಲಿ ಒಬ್ಬರು ಸಾಲಿ ಬಿಡಬೇಕಾಯಿತು. ಅವರಿಗೆ ಹೆಂಡತಿ ಮಕ್ಕಳಿದ್ದರು, ನಾನು ಬಿಟ್ಟೆ. ಆಮೇಲೆ ಮುಂಬಯಿ, ಹಡಗಿನ ಅಡಿಗೆಮನೆ, ಅಮೆರಿಕಕ್ಕೆ ಬಂದು ಹಿಕ್ಸ್‌ವಿಲ್ಲಿನಲ್ಲಿ ಅಕ್ಕಿ ಮೂಟೆ ಹೊರೋದು, ಜರ್ಸಿಯ ಹೋಬೋಕನ್ನಿನಲ್ಲಿ ಗೋಡೆಗೆ ಬಣ್ಣ ಬಳಿಯೋದು. ಒಂದೇ ಕಡೆ ಕೂತರೆ ನನಗೆ ಕಾಲು ಜೋಮು ಹಿಡಿಯುತ್ತದೆ. ಹಾಗೇ ತೇಲುತ್ತ ಜರ್ಸಿ ಗಡಿ ದಾಟಿ, ನ್ಯೂಯಾರ್ಕ್ ರಾಜ್ಯದ ಒಂದು ಗುಡ್ಡದ ಊರಿನಲ್ಲಿ ಬೇಟೆ ಸಾಮಾನಿನ ಅಂಗಡಿಗೆ ಸೇರಿಕೊಂಡೆ. ಕಂಪ್ಯೂಟರ್ ಗೊತ್ತಿದ್ದವರಿಗೆಲ್ಲ ಅಮೆರಿಕ ಚಾಪೆ ಹಾಸಿ ಕರೆಯುತ್ತಿದ್ದ ಕಾಲ ಅದು. ಗೊತ್ತಿಲ್ಲದಿದ್ದರೂ ನಡೆಯುತ್ತಿತ್ತು, ಗೊತ್ತಿದೆ ಅಂತ ಹೇಳಿದರೆ ಸಾಕು. ಹಾಗೆ ಹೇಳಲಿಕ್ಕೂ ಬಾರದ ಕನ್ನಡಿಗ ಆ ಸೀಮೆಯಲ್ಲಿ ನಾನೊಬ್ಬನೇ ಇದ್ದೆ ಅಂತ ಕಾಣುತ್ತದೆ.

ಅಂಗಡಿಯ ಮಾಲೀಕ ಬಿಳಿಗಡ್ಡದ ಅಮೆರಿಕನ್ ಮುದುಕ. ಮೊದಲ ದಿನವೇ ನನಗೊಂದು ಪಾಠ ಹೇಳಿದ್ದ: "ಮಕ್ಕಳ ಕೈಗೆ ಹಿಂದಕ್ಕೆ ಒದೆಯೋ ಬಂದೂಕು ಕೊಡಬೇಡ. ಭುಜ ಒಂದು ಸಲ ಹೆದರಿತು ಅಂದರೆ ಮುಗೀತು. ಆಮೇಲೆ ಆಯುಷ್ಯವೆಲ್ಲ ಕಣ್ಣು ಮುಚ್ಚಿಕೊಂಡೇ ಗುಂಡು ಹಾರಿಸುತ್ತಾರೆ. ಜಿಂಕೆ ಗಾಯ ಮಾಡಿಕೊಂಡು ಓಡಿಹೋಗುತ್ತದೆ." ಬಂದೂಕಿನ ವಿದ್ಯೆ ಅಂತ ನನಗೆ ಗೊತ್ತಿದ್ದದ್ದು ಇಷ್ಟೇ. ಎಂ.ಟೆಕ್ ಮಾಡಿದವರೊಬ್ಬರಿಗೆ ಇದನ್ನು ತಿಳಿಸಿ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು.

೧. ಎರಡು ಸೈಜ್ ದೊಡ್ಡದು

ಒಂದು ಶನಿವಾರ ನಮ್ಮವರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಮ್ಯಾನ್‌ಹಟನ್ನಿಗೆ ಟ್ರೇನಿನಲ್ಲಿ ಕಮ್ಯೂಟ್ ಮಾಡುವ ಡೇಟಾಬೇಸ್ ಮನುಷ್ಯ, ಬೆಂಗಳೂರಿನವರು. ಹೊಸದಾಗಿ ಗ್ರೀನ್ ಕಾರ್ಡ್ ಬಂದಿತ್ತು. ಮಗಳಿಗೆ ಹದಿನೇಳು, ಹೈಸ್ಕೂಲಿನ ಕೊನೇ ವರ್ಷ, ನುಗ್ಗೇಕಾಯಿಯಂಥ ಹುಡುಗಿ. ಅವಳ ಗೆಳತಿಯ ಅಜ್ಜನಿಗೆ ಮೇಲಿನ ಗುಡ್ಡದಲ್ಲಿ ಸ್ವಂತ ಕಾಡಿತ್ತು. ಜಿಂಕೆ ಸೀಸನ್ನಿನ ಮೊದಲ ದಿನ ಅವನು ಇವಳನ್ನೂ ಬೇಟೆಗೆ ಕರೆದಿದ್ದ. ಹುಡುಗಿ ಬೇಟೆಯ ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸಾಗಿ, ಲೈಸೆನ್ಸನ್ನೂ ತೆಗೆದುಕೊಂಡಿದ್ದಳು. ಉಳಿದದ್ದು ಬಂದೂಕು ಒಂದೇ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಕಾಲೇಜು, ಎಲ್ಲೋ ದೂರ.

"ನೀವು ಕನ್ನಡದವರಂತೆ. ಒಳ್ಳೇದಾಯ್ತು, ನಿಜ ಹೇಳ್ತೀರಿ," ಅಂದರು ಸಾಹೇಬರು. ಅಲ್ಲಿಂದ ಮುಂದೆ ನಾನು ಹೇಳಿದ ಒಂದು ಮಾತನ್ನೂ ನಂಬಲಿಲ್ಲ.

ನಾನು ಇನ್ನೂರ ನಲವತ್ತಮೂರು ಅಂತ ಕರೆಯುವ ಸಣ್ಣ ತೋಟಾದ ರೈಫಲ್ ತೆಗೆದಿಟ್ಟೆ. ಭುಜಕ್ಕೆ ಒತ್ತುವ ಹಿಂಬದಿಯ ಕಟ್ಟಿಗೆ ಗಿಡ್ಡ ಇರೋದು, ಹುಡುಗರ ಕೈಗೆಂದೇ ಮಾಡಿದ್ದು. "ಜಿಂಕಿಗೆ ಇದು ಸಾಕ್ರೀ ಸರ. ಒದೆಯೋದು ಕಡಿಮಿ."

ಅವರು ಗೋಡೆಯ ಮೇಲಿದ್ದ, ಮುನ್ನೂರು ಮ್ಯಾಗ್ನಮ್ ಅನ್ನೋ ದೊಡ್ಡ ರೈಫಲ್ ತೋರಿಸಿದರು. "ಇನ್ನೂರ ನಲವತ್ತಮೂರಕ್ಕಿಂತ ಮುನ್ನೂರು ಮುಂದಿನ ವರ್ಷನ್ ಅಲ್ವಾ?"

"ವರ್ಷನ್ ಅಲ್ರೀ, ಅದು ಬ್ಯಾರೆ ಪ್ರಾಣಿ. ಇದರ ಎರಡರಷ್ಟು ಮ್ಯಾಲ ಒದಿತದ."

"ಬೆಳೆಯೋ ಹುಡುಗಿ ಕಣ್ರೀ. ಈಗ ಅಳತೆಗೆ ಸರಿಯಾಗಿ ತಗೊಂಡು ನಾಳೆ ಇನ್ನೊಂದು ತಗೊಳ್ಳೋದಾ? ಎರಡು ಸೈಜ್ ದೊಡ್ಡದೇ ಕೊಡಿ."

"ಸರ, ಇದೇನು ಸಾಲಿ ಯೂನಿಫಾರ್ಮ್ ಲಂಗ ಏನ್ರೀ, ಮಡಚಿ ಹೊಲದು ವರ್ಷಕ್ಕೊಂದು ಮಡಿಕಿ ಬಿಚ್ಚಾಕ?"

ಅವರು ಕೇಳಲಿಲ್ಲ. ಮ್ಯಾಗ್ನಮ್ ಇಳಿಸಿ ಹುಡುಗಿಯ ಕೈಗೆ ಕೊಟ್ಟೆ. ಭುಜಕ್ಕೆ ಇಟ್ಟುಕೊಂಡಳು. ಬೆರಳು ಕುದುರೆಯವರೆಗೆ, ಅಂದರೆ ಟ್ರಿಗರಿನವರೆಗೆ, ಮುಟ್ಟಲಿಲ್ಲ, ನಳಿಗೆಯ ತುದಿ ನೆಲ ನೋಡಿತು. ಅಪ್ಪ ಮಾತ್ರ ಸಂತೋಷದಿಂದ, "ನೋಡಿ, ಇನ್ನೆರಡು ವರ್ಷಕ್ಕೆ ಪರ್ಫೆಕ್ಟ್ ಆಗುತ್ತೆ," ಅಂದರು.

ಹುಡುಗಿ ಬಂದೂಕು ಕೆಳಗಿಟ್ಟು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಅಂಕಲ್, ಐದನೇ ಗ್ರೇಡಿನಲ್ಲಿ ಕೊಡಿಸಿದ ಸ್ನೋ ಜಾಕೆಟ್ಟಿಗೇ ನಾನಿನ್ನೂ ಬೆಳೀತಾ ಇದ್ದೀನಿ."

೨. ನಲವತ್ತು ಜನರ ಸಲಹೆ

ಎರಡು ವಾರ ಬಿಟ್ಟು ಸಾಹೇಬರು ಒಬ್ಬರೇ ಬಂದರು, ಕೈಯಲ್ಲಿ ಒಂದು ಕಟ್ಟು ಪ್ರಿಂಟೌಟ್. ಆಫೀಸಿನ, ಕಾಲೇಜಿನ, ಕನ್ನಡ ಸಂಘದ ನಲವತ್ತು ಗೆಳೆಯರಿಗೆ ಇಮೇಲ್ ಹಾಕಿ ಯಾವ ರೈಫಲ್ ಒಳ್ಳೇದು ಅಂತ ಕೇಳಿದ್ದರಂತೆ. ನಲವತ್ತರಲ್ಲಿ ಒಬ್ಬನೂ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ. ಹಾಗಾಗಿ ಎಲ್ಲರಿಗೂ ಖಚಿತವಾದ ಅಭಿಪ್ರಾಯ ಇತ್ತು.

ಒಬ್ಬ, ಆರು ತಿಂಗಳು ಕಾಯಿ, ಹೊಸ ಮಾಡೆಲ್ ಬರುತ್ತದೆ ಅಂದಿದ್ದ. ಇನ್ನೊಬ್ಬ, ಇನ್ನಷ್ಟು ಮೆಮೊರಿ ಹಾಕಿಸಬಹುದಾ ಕೇಳು ಅಂದಿದ್ದ, ಅವನು ಮೇಲ್ ಪೂರ್ತಿ ಓದಿರಲಿಲ್ಲ. ಮತ್ತೊಬ್ಬ, ಯಾವುದಾದರೂ ತಗೋ, ಮೂವತ್ತು ದಿನದೊಳಗೆ ವಾಪಸ್ ಕೊಡು ಅಂದಿದ್ದ. ಅಮೆರಿಕದ ಅರ್ಧ ಸಂಸಾರಗಳು ನಡೆಯೋದೇ ಈ ಸೂತ್ರದ ಮೇಲೆ ಅಂತ ಆಮೇಲೆ ನನಗೆ ಗೊತ್ತಾಯಿತು.

ಸಾಹೇಬರಿಗೆ ಹಿಡಿಸಿದ್ದು ಕೊನೆಯ ಹಾಳೆ. "ಇವನು ಐಐಟಿ. ದೊಡ್ಡ ರೈಫಲ್ಲೇ ತಗೊಂಡು ಭುಜದ ಹತ್ತಿರ ದಿಂಬು ಇಟ್ಟರೆ ಒದೆತ ಪೂರ್ತಿ ಕಡಿಮೆ ಆಗುತ್ತೆ ಅಂತಾನೆ. ಸಿಂಪಲ್ ಸಲ್ಯೂಷನ್."

"ಸರ, ಈಗಽ ಹುಡುಗಿ ಕೈ ಕುದುರಿಗೆ ಮುಟ್ಟವಲ್ದು. ನಡುವ ದಿಂಬು ಬ್ಯಾರೆ ಇಟ್ರ ಆಕಿ ಜರ್ಸಿಯೊಳಗ ನಿಂತು ನ್ಯೂಯಾರ್ಕಿನ್ಯಾಗ ಗುಂಡು ಹಾರಿಸಬೇಕಾಗ್ತದ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಆ ಹಾಳೆಯ ಅಂಚಿನಲ್ಲಿ ಬರೆದುಕೊಂಡರು: ತೆಳು ದಿಂಬು.

೩. ಅಮ್ಮನ ಬೇಡಿಕೆ

ಮುಂದಿನ ವಾರ ಬಂದವರು ತಾಯಿ. ಗಂಡ ಆಫೀಸಿನಲ್ಲಿ, ಮಗಳು ಶಾಲೆಯಲ್ಲಿ ಇರುವಾಗ ನೋಡಿಕೊಂಡು ಬಂದಿದ್ದರು. ಗೋಡೆ ತುಂಬ ತೂಗುಹಾಕಿದ್ದ ಜಿಂಕೆ ತಲೆಗಳನ್ನು ನೋಡದ ಹಾಗೆ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡೇ ಕೌಂಟರಿನವರೆಗೆ ಬಂದರು.

"ನಮ್ಮನೇಲಿ ಈರುಳ್ಳಿ ಕೂಡ ವಾರಕ್ಕೆ ಮೂರು ದಿನ ತರಲ್ಲ," ಅಂದರು.

"ಈರುಳ್ಳಿಗೆ ಬಂದೂಕು ಬ್ಯಾಡ್ರೀ ಅಕ್ಕಾರ."

ಅವರು ನಗಲಿಲ್ಲ. ಮಗಳಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲವಂತೆ. ಗೆಳತಿಯ ಅಜ್ಜನ ಮನೆಯವರೇ ಮಾಂಸ ಇಟ್ಟುಕೊಳ್ಳುತ್ತಾರೆ, ನಾನು ತಿನ್ನೋದೂ ಇಲ್ಲ, ಮನೆಗೆ ತರೋದೂ ಇಲ್ಲ ಅಂದಳಂತೆ. ತಾಯಿಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಗಂಡನಿಗೋ ಇದು ಬೇಟೆ ಅನ್ನೋದೇ ಮರೆತುಹೋಗಿ ಬರೀ ರೈಫಲ್ಲಿನ ಸ್ಪೆಸಿಫಿಕೇಷನ್ ಉಳಿದುಕೊಂಡಿದೆ.

"ನನಗೆ ಅರ್ಥ ಆಗೋ ಹಾಗೆ ಹೇಳಿ," ಅಂದರು ಕೊನೆಗೆ. "ಅವಳ ಭುಜಕ್ಕೆ ಪೆಟ್ಟಾಗಬಾರದು. ಜಿಂಕೆಗೂ ನೋವಾಗಬಾರದು. ಅಂಥದ್ದು ಯಾವುದಿದೆ?"

"ಅದಕ್ಕ ಕ್ಯಾಮೆರಾ ಅಂತಾರ್ರೀ ಅಕ್ಕಾರ. ರಸ್ತೆ ದಾಟಿದರ ಎದುರಿನ ಅಂಗಡ್ಯಾಗ ಸಿಗ್ತದ."

ನಿಜಕ್ಕೂ ಹೋಗಿ ಕ್ಯಾಮೆರಾ ಕೊಂಡರು. ಸಂಜೆ ಮಾಲೀಕ ನನ್ನನ್ನು ಕರೆದು, ಎದುರಿನ ಅಂಗಡಿಯವನು ನಿನಗೆ ಥ್ಯಾಂಕ್ಸ್ ಹೇಳಿದ್ದಾನೆ, ನಾಳೆಯಿಂದ ಸಂಬಳವೂ ಅವನೇ ಕೊಡುತ್ತಾನಾ ಅಂತ ವಿಚಾರಿಸಿದ.

೪. ಸ್ಯಾಂಪಲ್ ಸೈಜ್

ಸೀಸನ್ನಿಗೆ ಹತ್ತು ದಿನ ಇದ್ದಾಗ ಅಪ್ಪ, ಮಗಳು ಮತ್ತೆ ಬಂದರು. ಅಂಗಡಿಯ ಹಿಂದೆ ಗುಂಡು ಹೊಡೆದು ನೋಡುವ ಬಯಲಿತ್ತು. ಮೊದಲು ತಾವೇ ಟೆಸ್ಟ್ ಮಾಡಿ, ಆಮೇಲೆ ಮಗಳಿಗೆ ಕೊಡಿಸೋದು ಅಂತ ಸಾಹೇಬರ ತೀರ್ಮಾನ. ಟೆಸ್ಟ್ ಮಾಡಲು ಆರಿಸಿಕೊಂಡದ್ದು ಮ್ಯಾಗ್ನಮ್.

ಮೇಜಿನ ಮುಂದೆ ಕೂರಿಸಿದೆ. "ಸರ, ಭುಜಕ್ಕ ಬಿಗಿಯಾಗಿ ಒತ್ತಿ ಹಿಡೀರಿ. ಮ್ಯಾಲಿನ ದುರ್ಬೀನಿಗೆ ಕಣ್ಣು ಹತ್ತಿಸಬ್ಯಾಡ್ರಿ. ನಾಕು ಬೆರಳು ದೂರ ಇರಲಿ."

"ಮ್ಯಾನ್ಯುಯಲ್ ಓದಿದ್ದೀನಿ," ಅಂದರು.

ಮ್ಯಾನ್ಯುಯಲ್ಲನ್ನು ಬಹುಶಃ ಅಷ್ಟೇ ಹತ್ತಿರದಿಂದ ಓದಿರಬೇಕು, ಕಣ್ಣನ್ನು ದುರ್ಬೀನಿಗೆ ಅಂಟಿಸಿಕೊಂಡೇ ಕುದುರೆ ಎಳೆದರು. ಗುಂಡು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ದುರ್ಬೀನು ಎಲ್ಲಿಗೆ ಬಂತು ಅನ್ನೋದು ಮಾತ್ರ ಎಲ್ಲರಿಗೂ ಕಂಡಿತು. ಬಲ ಹುಬ್ಬಿನ ಮೇಲೆ ಬಿದಿಗೆ ಚಂದ್ರನ ಹಾಗೆ ಒಂದು ಗಾಯ. ಮಾಲೀಕ ಪ್ಲಾಸ್ಟರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದು ಯಾವಾಗಲೂ ಅವನ ಜೇಬಿನಲ್ಲೇ ಇರುತ್ತಿತ್ತು.

ಅಪ್ಪ ಹುಬ್ಬಿಗೆ ಕರ್ಚೀಫು ಒತ್ತಿಕೊಂಡಿರುವಾಗ ಮಗಳು ಗಿಡ್ಡ ಕಟ್ಟಿಗೆಯ ಇನ್ನೂರ ನಲವತ್ತಮೂರು ತೆಗೆದುಕೊಂಡಳು. ಮೂರು ಗುಂಡು. ಮೂರೂ ಒಂದು ಇಡ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಭುಜ ಉಜ್ಜಿಕೊಳ್ಳಲೂ ಇಲ್ಲ. ಇನ್ನೊಂದು ಹೊಡೀಲಾ ಅಂತ ಕೇಳಿದಳು.

"ಈಗೇನಂತೀರಿ ಸರ?" ಅಂದೆ.

ಸಾಹೇಬರು ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. "ಹಾಗೆ ಹೇಳಕ್ಕಾಗಲ್ಲ. ನನ್ನ ಕೇಸಲ್ಲಿ ಸ್ಯಾಂಪಲ್ ಸೈಜ್ ಒಂದೇ ಒಂದು. ಅದರ ಮೇಲೆ ಕನ್‌ಕ್ಲೂಷನ್ನಿಗೆ ಬರೋದು ತಪ್ಪಾಗುತ್ತೆ."

"ಇನ್ನೊಂದು ಹುಬ್ಬು ಐತಲ್ರೀ ಸರ," ಅಂದೆ.

೫. ಶಾಸ್ತ್ರಿಗಳ ತೀರ್ಪು

ಸೀಸನ್ನಿಗೆ ಇನ್ನು ಎರಡೇ ದಿನ. ಬಂದೂಕು ಇನ್ನೂ ನಮ್ಮ ಕಪಾಟಿನಲ್ಲೇ ಇತ್ತು. ಮಧ್ಯಾಹ್ನ ಸಂಸಾರ ಪೂರ್ತಿ ಬಂತು, ಜೊತೆಗೆ ಜರ್ಸಿಯಿಂದ ಕರೆತಂದ ಶಾಸ್ತ್ರಿಗಳು. ಕಚ್ಚೆ ಪಂಚೆ, ಮೇಲೆ ದಪ್ಪ ಜಾಕೆಟ್, ಕಾಲಿಗೆ ಬಿಳೀ ಬೂಟು. ಐದಡಿಯ ಮೇಲೆ ಒಂದಂಗುಲ ಇದ್ದಿರಬಹುದು.

ಮನೆಯಲ್ಲಿ ಒಪ್ಪಂದ ಆಗಿತ್ತಂತೆ, ಶಾಸ್ತ್ರಿಗಳು ಹೇಳಿದ್ದೇ ಕೊನೆ ಮಾತು ಅಂತ. ತಾಯಿಯ ಮುಖದಲ್ಲಿ ಆಗಲೇ ಗೆದ್ದ ಕಳೆ. ಹುಡುಗಿ ಲೈಸೆನ್ಸನ್ನು ಕೈಯಲ್ಲಿ ಮಡಚುತ್ತ ಬಿಚ್ಚುತ್ತ ಬಾಗಿಲ ಹತ್ತಿರವೇ ನಿಂತಿದ್ದಳು. ಪೂಜೆ ಮಾಡಿಸುವವರು ಬೇಟೆಗೆ ಹೂಂ ಅನ್ನುತ್ತಾರೆಯೇ? ಮುಗಿಯಿತು ಅಂದುಕೊಂಡು ನಾನು ಅವಳಿಗೆಂದು ಕೌಂಟರಿಗೆ ತೆಗೆದಿದ್ದ ಇನ್ನೂರ ನಲವತ್ತಮೂರನ್ನು ಒರೆಸಿ ಮತ್ತೆ ಕಪಾಟಿಗೆ ಇಡಲು ಹೊರಟೆ.

"ಶಾಸ್ತ್ರಿಗಳೇ, ನೀವೇ ಹೇಳಿ ಇವಳಿಗೆ," ಅಂದರು ತಾಯಿ.

ಶಾಸ್ತ್ರಿಗಳು ಕೇಳಿಸಿಕೊಳ್ಳಲಿಲ್ಲ. ಗೋಡೆಗೆ ಬಿಗಿದಿದ್ದ ದೊಡ್ಡ ಗಂಡು ಜಿಂಕೆಯ ಕುತ್ತಿಗೆಯ ಮೇಲೆ ಕೈಯಾಡಿಸುತ್ತಿದ್ದರು, ರೇಷ್ಮೆ ಸೀರೆಯ ಸೆರಗು ಮುಟ್ಟಿ ನೋಡುವ ಹಾಗೆ.

"ಇದರ ಉಳಿದ ಚರ್ಮ ಏನಾಗುತ್ತೆ?" ಅಂತ ನನ್ನನ್ನು ಕೇಳಿದರು.

"ಭಾಳ ಮಂದಿ ಬಿಸಾಕ್ತಾರ್ರೀ."

ಶಾಸ್ತ್ರಿಗಳು ಕಣ್ಣು ಮುಚ್ಚಿಕೊಂಡರು. ಅಂಥ ದುಃಖವನ್ನು ನಾನು ಆ ಅಂಗಡಿಯಲ್ಲಿ ನೋಡಿರಲಿಲ್ಲ. "ಉಪನಯನದಲ್ಲಿ ವಟುವಿಗೆ ಜನಿವಾರದ ಜೊತೆ ಜಿಂಕೆ ಚರ್ಮದ ಚೂರು ಕಟ್ಟಬೇಕು. ಊರಿಂದ ತಂದರೆ ಏರ್‌ಪೋರ್ಟಿನಲ್ಲಿ ಕಿತ್ಕೊಳ್ತಾರೆ. ಹೋದ ಸಲ ಪ್ರಿನ್ಸ್‌ಟನ್ನಿನಲ್ಲಿ ಒಬ್ಬ ಡಾಕ್ಟರ ಮಗನಿಗೆ ಏನು ಕಟ್ಟಿದೆ ಗೊತ್ತೇನ್ರೀ? ಕಾರು ಒರೆಸೋ ಚರ್ಮ."

"ಶಾಸ್ತ್ರಿಗಳೇ, ಇದು ಹಿಂಸೆ ಅಲ್ವಾ?" ಅಂದರು ತಾಯಿ.

"ಹಿಂಸೆಯೇ ಅಮ್ಮ, ಸಂದೇಹವೇ ಇಲ್ಲ. ಪ್ರಾಯಶ್ಚಿತ್ತ ಇದೆ, ನಾನೇ ಮಾಡಿಸ್ತೀನಿ. ಈ ವಸಂತದಲ್ಲಿ ನನಗೆ ಐದು ಉಪನಯನ."

ಸಾಹೇಬರಿಗೆ ಇದೇ ಸಮಯ ಅನ್ನಿಸಿತು. ಹುಬ್ಬಿನ ಪ್ಲಾಸ್ಟರ್ ಸರಿಮಾಡಿಕೊಂಡು ಮುಂದೆ ಬಂದರು. "ಹಾಗಾದ್ರೆ ಶಾಸ್ತ್ರಿಗಳೇ, ಮುನ್ನೂರು ಮ್ಯಾಗ್ನಮ್ಮೇ ಇರಲಿ. ಪವರ್ ಜಾಸ್ತಿ."

ಶಾಸ್ತ್ರಿಗಳು ನನ್ನ ಕಡೆ ತಿರುಗಿದರು. "ಯಾವುದರಲ್ಲಿ ಹೊಡೆದರೆ ತೂತು ಸಣ್ಣದು?"

ನಾನು ಕೈಯಲ್ಲಿದ್ದ ಇನ್ನೂರ ನಲವತ್ತಮೂರನ್ನು ಎತ್ತಿ ತೋರಿಸಿದೆ.

"ಮತ್ತೆ ಅದೇ ಇರಲಿ. ಅದರ ಚರ್ಮ ವಟುವಿಗೆ ಕಟ್ಟಬೇಕೋ, ಹಿಟ್ಟು ಜರಡಿ ಹಿಡೀಬೇಕೋ?"

ನಲವತ್ತು ಇಮೇಲು, ಒಂದು ಹುಬ್ಬು, ಎರಡು ತಿಂಗಳು ಬಗೆಹರಿಸದ ವಿಷಯ ಅಲ್ಲಿಗೆ ಮುಗಿಯಿತು. ಸಾಹೇಬರು ಫಾರ್ಮ್ ತುಂಬಲು ಕೂತರು. ತಾಯಿ ತಾವೇ ಕರೆತಂದ ಶಾಸ್ತ್ರಿಗಳನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಹುಡುಗಿ ಬಾಗಿಲಿನಿಂದ ಕೌಂಟರಿಗೆ ಯಾವಾಗ ಬಂದಳೋ, ಬಂದೂಕು ಆಗಲೇ ಅವಳ ಭುಜದ ಮೇಲಿತ್ತು.

"ಒಂದು ನಿಮಿಷ ಕೊಡು ಮಗೂ," ಅಂತ ಶಾಸ್ತ್ರಿಗಳು ಅದನ್ನು ಇಸಿದುಕೊಂಡರು. ಜಾಕೆಟ್ ಸರಿಸಿ ಭುಜಕ್ಕೆ ಇಟ್ಟು, ಗೋಡೆಯ ಜಿಂಕೆಯ ಕಡೆ ಗುರಿ ಹಿಡಿದರು. ಹುಡುಗರ ಅಳತೆಯ ಕಟ್ಟಿಗೆ ಅವರಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ತುಂಬ ಹೊತ್ತು ಇಳಿಸಲಿಲ್ಲ. ಆಮೇಲೆ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದರು.

"ಆ ಲೈಸೆನ್ಸ್ ಕ್ಲಾಸ್ ಬರೀ ಶನಿವಾರ ಭಾನುವಾರವೇ ಇರುತ್ತಾ? ವೀಕೆಂಡ್ ನನಗೆ ಪೂಜೆ ಇರುತ್ತಲ್ಲ."