ಸೇತುವೆಯ ನಡುವಿನ ಎದುರು ಕುರ್ಚಿಗಾಗಿ

ಇಂದ:
ದುಭಾಷಿ (ಹುದ್ದೆ ರದ್ದಾಗಿದೆ),
ಹಿಂದಿನ ಒಕ್ಕೂಟ ಭವನ.

ಗೆ:
ಗಡಿ ಮಾತುಕತೆ ಅಧಿಕಾರಿಗಳು,
ಮೇಲಣ ರಾಜ್ಯ.

ವಿಷಯ: ನಮ್ಮ ಕಡೆಯ ದುಭಾಷಿಯಾಗಿ ನೇಮಿಸುವ ಬಗ್ಗೆ.

ಉಲ್ಲೇಖ: ಒಕ್ಕೂಟ ಒಡೆಯಲು ಅರ್ಜಿದಾರಳೇ ಕಾರಣವೆಂದು ತಾವು ಕಳಿಸಿದ ನೋಟಿಸು.

ಮಾನ್ಯರೇ,

೧. ಅರ್ಜಿದಾರಳು ಮೇಲಣ, ಕೆಳಗಣ ರಾಜ್ಯಗಳ ಒಕ್ಕೂಟ ಸಭೆಯಲ್ಲಿ ದುಭಾಷಿಯಾಗಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಮ್ಮ ಮಂತ್ರಿಗಳು, "ಇವರಿಗೆ ನೀರು ಬಿಡೋದೂ ಒಂದೇ, ಹೊಳೇಲಿ ಹುಣಸೆಹಣ್ಣು ತೊಳೆಯೋದೂ ಒಂದೇ" ಎಂದರೆ, ಆಕೆ "ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ" ಎಂದು ದಾಟಿಸುತ್ತಿದ್ದಳು. ಆ ಕಡೆಯವರು, "ಹೊಳೆ ಏನು ಇವರಪ್ಪನ ಮನೇದಾ?" ಎಂದರೆ, "ಧನ್ಯವಾದಗಳು" ಎನ್ನುತ್ತಿದ್ದಳು. ಎಲ್ಲರೂ ಚಹಾ ಕುಡಿದು ಏಳುತ್ತಿದ್ದರು.

೨. ಹೀಗಿರಲಾಗಿ, ಅಕ್ಷರ ಬಿಡದೆ ಅನುವಾದಿಸತಕ್ಕದ್ದೆಂದು ಆದೇಶವಾಯಿತು.

"ಸಾರ್, ಅಂದಿದ್ದೆಲ್ಲ ಅಂದಹಾಗೇ ಹೇಳಿದ್ರೆ ಮನೆ ಉಳಿಯಲ್ಲ," ಎಂದು ಅರ್ಜಿದಾರಳು ಮೇಲಧಿಕಾರಿಗಳಲ್ಲಿ ಬೇಡಿಕೊಂಡಳು.

"ನೀನು ಬಾಯಿ ಅಷ್ಟೇ ಕಣಮ್ಮ. ತಲೆ ನಮ್ಮದು," ಎಂದರು.

ಆದ್ದರಿಂದ ಹುಣಸೆಹಣ್ಣಿನ ಮಾತನ್ನು ಹಾಗೆಯೇ ದಾಟಿಸಿದಳು. ಆ ಕಾರಣ, ಆ ಕಡೆಯವರು ಎದ್ದುಹೋದರು. ಆ ಕಾರಣ, ನಾವು ನೀರು ನಿಲ್ಲಿಸಿದೆವು. ಆ ಕಾರಣ, ಸಂಜೆಯೊಳಗೆ ಎರಡು ರಾಜ್ಯಗಳ ನಡುವಿನ ಸೇತುವೆಗೆ ಗೇಟು ಬಿತ್ತು.

೩. ಅರ್ಜಿದಾರಳ ಗಂಡ ಕೆಳಗಣ ರಾಜ್ಯದವರು, ಭವನದ ಕ್ಯಾಂಟೀನಿನಲ್ಲಿ ಅಡುಗೆಯವರು. ಅಂದು ಬೆಳಿಗ್ಗೆ, "ಅಮ್ಮನಿಗೆ ಸೊಂಟ ಹಿಡ್ಕೊಂಡಿದೆಯಂತೆ, ನೋಡ್ಕೊಂಡು ಸಂಜೆಗೆ ಬಂದ್ಬಿಡ್ತೀನಿ. ಅಡುಗೆಗೆ ಉಪ್ಪು ಹಾಕಿದೀನಿ, ನೀನು ಮತ್ತೆ ಹಾಕ್ಬೇಡ," ಎಂದು ಸೇತುವೆ ದಾಟಿದ್ದರು. ಅವರು ವಾಪಸು ಬರುವ ದಾರಿಯನ್ನು ಅರ್ಜಿದಾರಳು ತನ್ನ ಬಾಯಿಂದಲೇ ಮುಚ್ಚಿಸಿದಂತಾಯಿತು. ಇದನ್ನು ಆಕೆ ಅಲ್ಲಗಳೆಯುವುದಿಲ್ಲ.

೪. ನೋಟಿಸಿನ ಬಗ್ಗೆ: ಜಗಳ ಆಕೆ ಹುಟ್ಟಿಸಿದ್ದಲ್ಲ. ಇಷ್ಟು ವರ್ಷ ತಡೆದಿದ್ದಕ್ಕೆ ಯಾರೂ ನೋಟಿಸು ಕೊಟ್ಟಿರಲಿಲ್ಲ.

೫. ಈಗ ಸೇತುವೆಯ ನಡುವೆ ಶಾಮಿಯಾನ ಹಾಕಿ ಮಾತುಕತೆ ನಡೆಸುವರೆಂದು ತಿಳಿದುಬಂದಿದೆ. ಒಬ್ಬರ ದುಭಾಷಿಯ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿಲ್ಲದ ಕಾರಣ, ಒಂದೊಂದು ಕಡೆಗೆ ಒಬ್ಬೊಬ್ಬ ದುಭಾಷಿ. ಆ ಕಡೆಯವರು ಅರ್ಜಿದಾರಳ ಗಂಡನನ್ನೇ ನೇಮಿಸಿದ್ದಾರೆ. ನಮ್ಮ ಭಾಷೆಯನ್ನು ಅವರು ಹೆಂಡತಿಯ ಜೊತೆ ಜಗಳವಾಡಿ ಕಲಿತವರಾದ್ದರಿಂದ ಆಯ್ಕೆ ಸೂಕ್ತವಾಗಿಯೇ ಇದೆ.

ಆದ್ದರಿಂದ, ಎದುರು ಕುರ್ಚಿಗೆ ಅರ್ಜಿದಾರಳನ್ನು ನೇಮಿಸಬೇಕಾಗಿ ಪ್ರಾರ್ಥನೆ. ಪ್ರಯಾಣ ಭತ್ಯೆ ಬೇಡ.

ಯಾವ ಕಡೆಯವಳೆಂದು ಇನ್ನೂ ತೀರ್ಮಾನವಾಗದ,
ತಮ್ಮ ವಿಶ್ವಾಸಿ,
ದುಭಾಷಿ

ಲಗತ್ತು: ಮದುವೆ ನೋಂದಣಿ ಪತ್ರ (ಮೊಹರು ಒಕ್ಕೂಟದ್ದು, ಈಗ ನಡೆಯುತ್ತದೋ ಇಲ್ಲವೋ ತಿಳಿಯದು).

ವಿ.ಸೂ.: ಒಪ್ಪಂದವಾದರೆ ಸಂತೋಷ. ಎರಡೂ ಕಡೆಯವರನ್ನು ಬಲ್ಲ ಅರ್ಜಿದಾರಳಿಗೆ ಆ ಭರವಸೆಯಿಲ್ಲ. ಮಾತುಕತೆ ಮುರಿಯುವುದೇ ಆದಲ್ಲಿ, ದಯವಿಟ್ಟು ನಿಧಾನವಾಗಿ ಮುರಿಯಬೇಕಾಗಿ ಕೋರಿಕೆ.